ಠಾಣೆಗಳಲ್ಲಿ ಕಂಪ್ಯೂಟರ್ ಇದ್ದರೂ ಪೊಲೀಸ್ ಇಲಾಖೆ ಅದರಿಂದ ಪಾಠ ಕಲಿಯುತ್ತಿಲ್ಲವೇಕೆ?

ಎಲ್ಲ ಠಾಣೆಗಳಲ್ಲೂ ಸಿಸಿಟಿಎನ್‌ಎಸ್ (ದೇಶದ ಠಾಣೆಗಳನ್ನು ಜೋಡಿಸುವ ಅಪರಾಧ ದಾಖಲೆಯ ಕಂಪ್ಯೂಟರ್ ಜಾಲ) ಇದೆ, ಎಫ್‌ಐಆರ್ ಕಂಪ್ಯೂಟರಿನಲ್ಲೇ ಆಗುತ್ತದೆ. ಆದರೂ ಅದೇ ಬಡಾವಣೆಯಲ್ಲಿ ಅದೇ ರೀತಿ ಕಳ್ಳತನ, ಕೋರ್ಟಿನಲ್ಲಿ ಅದೇ ತಪ್ಪಿಗೆ ಖುಲಾಸೆ, ಯಾಕೆ ಅಂತ ಕೇಳಿದ್ದೀರಿ. ಕೇಸಿನ ಆರಂಭ ಕಂಪ್ಯೂಟರಿಗೆ ಸರಿಯಾಗಿ ಹೋಗುತ್ತದೆ, ಕೃತ್ಯದ ವಿವರವಾಗಲಿ ಕೇಸಿನ ಅಂತ್ಯವಾಗಲಿ ಹೋಗುವುದಿಲ್ಲ. ಕಲಿಯಬೇಕಾದದ್ದೆಲ್ಲ ಇರುವುದು ಅವೆರಡರಲ್ಲೇ.

2009ರಲ್ಲಿ ಮಂಜೂರಾದ ಈ ವ್ಯವಸ್ಥೆಯಲ್ಲಿ ಏಳು ನಮೂನೆಗಳಿವೆ: ಎಫ್‌ಐಆರ್, ಅಪರಾಧ ವಿವರ, ದಸ್ತಗಿರಿ, ಜಪ್ತಿ, ಅಂತಿಮ ವರದಿ, ಕೋರ್ಟ್ ತೀರ್ಪು, ಮೇಲ್ಮನವಿಯ ಫಲಿತಾಂಶ. (ಕರ್ನಾಟಕದಲ್ಲಿ ಇದೇ ಕೆಲಸಕ್ಕೆ ‘ಪೊಲೀಸ್ ಐಟಿ’ ಎಂಬ ರಾಜ್ಯದ್ದೇ ತಂತ್ರಾಂಶ ಬಂತು.) ಮೊದಲನೆಯದಕ್ಕೆ ಒತ್ತಡವಿದೆ: ಎಫ್‌ಐಆರನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎರಡನೆಯ ಮತ್ತು ಆರನೆಯ ನಮೂನೆಗೆ ಅಂಥ ಒತ್ತಡ ಇಲ್ಲ. ಬಂದೋಬಸ್ತ್ ಮುಗಿಸಿ ಬಂದ ರೈಟರ್ (ಠಾಣೆಯ ದಾಖಲೆ ಬರೆಯುವ ಪೊಲೀಸ್) ರಾತ್ರಿ ಕೂತು ‘ಇತರೆ’ ಒತ್ತಿ ಮುಗಿಸುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ತುಂಬಿದ್ದರಿಂದ ಠಾಣೆಗೆ ಏನಾಯಿತು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಒಂದು ಕನ್ನ ಕಳವು ನೋಡಿ. ಶುಕ್ರವಾರ ಸಂಜೆ 6ಕ್ಕೆ ಮನೆಗೆ ಬೀಗ ಹಾಕಿ ಊರಿಗೆ ಹೋದವರು ಭಾನುವಾರ ಸಂಜೆ 6ಕ್ಕೆ ವಾಪಸ್ ಬಂದು ದೂರು ಕೊಡುತ್ತಾರೆ. ಕೃತ್ಯದ ಸಮಯ ‘ಭಾನುವಾರ’ ಅಂತ ದಾಖಲಾದರೆ ನಕ್ಷೆಯಲ್ಲಿ ಭಾನುವಾರವೇ ಕೆಂಪಾಗುತ್ತದೆ, ಗಸ್ತೂ ಭಾನುವಾರಕ್ಕೇ ಬೀಳುತ್ತದೆ. ಕಳ್ಳ ಬಂದದ್ದು ಶುಕ್ರವಾರ ರಾತ್ರಿ ಇರಬಹುದು. ಹಾಗಾಗಿ ‘ಇಂದ’, ‘ವರೆಗೆ’ ಎರಡನ್ನೂ ತುಂಬಬೇಕು. ಆಮೇಲೆ ಒಂದು ಎಕ್ಸೆಲ್ ಹಾಳೆ ಸಾಕು: ಆ 48 ಗಂಟೆಗಳಲ್ಲಿ ಪ್ರತಿ ಗಂಟೆಗೂ 1/48 ಪಾಲು ಕೊಟ್ಟು, ಬೀಟಿನ ಎಲ್ಲ ಕೇಸುಗಳದ್ದನ್ನೂ ಕೂಡಿಸಿ. ಮೊತ್ತ ಎಲ್ಲಿ ಏರುತ್ತದೋ ಗಸ್ತು ಆ ಹೊತ್ತಿಗೆ. ನಾಲ್ಕೈದು ಕೇಸಿಗೆ ಇದನ್ನು ಮಾಡಬೇಡಿ, ಮೊತ್ತ ದಾರಿ ತಪ್ಪಿಸುತ್ತದೆ.

‘ಬೀಗ ಮುರಿದು’ ಅಂತ ಬರೆದರೂ ಸಾಲದು. ಎಲ್ಲಿಂದ ಒಳಹೊಕ್ಕ (ಹಿಂಬಾಗಿಲು, ಕಿಟಕಿ ಸರಳು, ಹೆಂಚು), ಯಾವುದರಿಂದ ಮೀಟಿದ, ಏನನ್ನು ಮುಟ್ಟದೆ ಬಿಟ್ಟುಹೋದ, ಈ ಮೂರೂ ಬೇಕು. ಬಂಗಾರ ಮಾತ್ರ ಒಯ್ದು ಲ್ಯಾಪ್‌ಟಾಪ್ ಬಿಟ್ಟವನು ಮುಂದಿನ ಮನೆಯಲ್ಲೂ ಹಾಗೇ ಮಾಡುವ ಸಂಭವ ಹೆಚ್ಚು. ಜಾಗದ ಅಕ್ಷಾಂಶ-ರೇಖಾಂಶವನ್ನು ಮಹಜರಿನ ವೇಳೆ ಆ ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಹಿಡಿಯಿರಿ. ‘ಬಸ್ ಸ್ಟ್ಯಾಂಡ್ ಹತ್ತಿರ’ ಎಂಬುದನ್ನು ಯಾವ ನಕ್ಷೆಯೂ ಹುಡುಕಲಾರದು.

ಅಂಕಿಗಳನ್ನು ಸಭೆಯಲ್ಲಿ ಝಾಡಿಸಲು ಬಳಸಿದರೆ ಎಲ್ಲವೂ ಕೆಡುತ್ತದೆ. 1994ರಲ್ಲಿ ನ್ಯೂಯಾರ್ಕ್ ಪೊಲೀಸರು ಶುರುಮಾಡಿದ ‘ಕಾಂಪ್‌ಸ್ಟ್ಯಾಟ್’ ಅಂಕಿಅಂಶದ ಮೇಲೆ ಠಾಣಾಧಿಕಾರಿಗಳನ್ನು ಪ್ರಶ್ನಿಸುವ ಪದ್ಧತಿ. ಅಲ್ಲಿ ಗಂಭೀರ ಅಪರಾಧವನ್ನು ಹಗುರ ಮಾಡಿ ದಾಖಲಿಸಿದ ಪ್ರಕರಣಗಳಿದ್ದವೆಂದು 2013ರಲ್ಲಿ ಪ್ರಕಟವಾದ ಪರಿಶೀಲನಾ ವರದಿಯೇ ಹೇಳಿತು. ಸಂಖ್ಯೆಗೆ ಹೆದರಿದ ಠಾಣೆ ಮೊದಲು ತಿದ್ದುವುದು ಸಂಖ್ಯೆಯನ್ನೇ.

ಖುಲಾಸೆಯಿಂದ ಕಲಿಯುವ ದಾರಿಯನ್ನು ಸುಪ್ರೀಂ ಕೋರ್ಟ್ 2014ರ ಕಿಶನ್‌ಭಾಯಿ ತೀರ್ಪಿನಲ್ಲೇ ಹಾಕಿಕೊಟ್ಟಿದೆ: ಪ್ರತಿ ಖುಲಾಸೆಯ ಕಾರಣ ದಾಖಲಿಸಿ, ಅದನ್ನು ತನಿಖಾಧಿಕಾರಿಗಳ ತರಬೇತಿಯ ಪಠ್ಯಕ್ಕೆ ಸೇರಿಸಿ, ಪಠ್ಯವನ್ನು ವರ್ಷವರ್ಷ ಪರಿಷ್ಕರಿಸಿ. ಉಪವಿಭಾಗದ ಮಟ್ಟದಲ್ಲಿ ತಿಂಗಳಿಗೆ ಒಂದು ಗಂಟೆ ಇಟ್ಟರೂ ಸಾಕು. ಐದು ತೀರ್ಪು ತನ್ನಿ, ಎಪಿಪಿಯವರನ್ನು (ಸಹಾಯಕ ಸರ್ಕಾರಿ ಅಭಿಯೋಜಕರನ್ನು) ಕೂರಿಸಿ. ಕೇಸು ಬಿದ್ದ ಸಾಲನ್ನೇ ಓದಿ: ಪಂಚರು (ಮಹಜರಿನ ಸಾಕ್ಷಿಗಳು) ತಿರುಗಿಬಿದ್ದರೇ, ಜಪ್ತಿ ಮಾಲಿನ ಸೀಲು ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿಗೆ ತಾಳೆಯಾಗಲಿಲ್ಲವೇ, ಸಿಸಿಟಿವಿ ಪೆನ್‌ಡ್ರೈವ್ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಮಾಣಪತ್ರ ಇರಲಿಲ್ಲವೇ. ಆ ಪ್ರಮಾಣಪತ್ರದಲ್ಲಿ ಎ, ಬಿ ಎರಡು ಭಾಗಗಳಿವೆ, ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು ಸಂಕೇತ) ಬರೆಯಬೇಕು. ಬಿ ಭಾಗ ಪರಿಣತರದ್ದು, ಮರೆತುಹೋಗುವುದು ಸುಲಭ. ಸಿಕ್ಕ ಕಾರಣವನ್ನು ಆರನೇ ನಮೂನೆಯ ಜೊತೆಗೇ ಬರೆದಿಡಿ. ತನಿಖಾಧಿಕಾರಿಯ ತಲೆಯಲ್ಲಷ್ಟೇ ಉಳಿದರೆ ವರ್ಗಾವಣೆಯ ದಿನ ಅದೂ ಹೊರಟುಹೋಗುತ್ತದೆ.

ಮರುವಾರದ ರೋಲ್ ಕಾಲ್‌ನಲ್ಲಿ (ಸಿಬ್ಬಂದಿಯ ಹಾಜರಿ ಸಭೆ) ಆ ಕಾರಣವನ್ನು ಓದಿಸಿ, ಗಸ್ತಿನ ಹಾಳೆಯನ್ನೂ ಜೊತೆಗೆ. ರೈಟರ್ ತುಂಬಿದ ‘ಹಿಂಬಾಗಿಲು’ ಎಂಬ ಒಂದು ಪದದಿಂದ ಕಳ್ಳ ಸಿಕ್ಕಿದ್ದರೆ ಎಲ್ಲರೆದುರು ಅವರ ಹೆಸರು ಹೇಳಿ.