ಮೀನಿಲ್ಲದ ಟ್ಯಾಂಕಿನಲ್ಲಿ ರೋಗದ ಬ್ಯಾಕ್ಟೀರಿಯಾ ತಾನಾಗಿ ಸಾಯುತ್ತಾ?

ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ ರೋಗ ಬಂದು ನಿಮ್ಮ ಮೀನೆಲ್ಲ ಸತ್ತಿವೆ. ಟ್ಯಾಂಕನ್ನು ಎರಡು ವಾರ ಹಾಗೇ ಬಿಟ್ಟು ಅದೇ ನೀರಿಗೆ ಹೊಸ ಮೀನು ಬಿಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಈ ಬ್ಯಾಕ್ಟೀರಿಯಾಕ್ಕೆ ಬದುಕಿರಲು ಮೀನೇ ಬೇಕು ಅಂತಿಲ್ಲ. ಸ್ಟೆರಿಲೈಸ್ ಮಾಡಿದ ಕೆರೆ ನೀರಿನಲ್ಲಿ ಅದು ತಿಂಗಳುಗಟ್ಟಲೆ ಬದುಕಿದ್ದನ್ನು ಪ್ರಯೋಗಗಳಲ್ಲಿ ನೋಡಿದ್ದಾರೆ.

ಮೀನಿನ ರೋಗ ಪರೀಕ್ಷೆ ನನ್ನ ಕೆಲಸ. ಕಿವಿರಿನಿಂದ ಚೂರು ಕೆರೆದು, ಒಂದು ಹನಿ ನೀರಿನಲ್ಲಿಟ್ಟು ಮೈಕ್ರೋಸ್ಕೋಪಿನಡಿ ಸ್ವಲ್ಪ ಹೊತ್ತು ಕಾಯುತ್ತೇನೆ. ಸಪೂರವಾದ ಉದ್ದನೆಯ ಕಡ್ಡಿಗಳು ನಿಧಾನವಾಗಿ ಜಾರುತ್ತಾ ಅಂಚಿಗೆ ಬರುತ್ತವೆ. ಒಂದರ ಮೇಲೊಂದು ಸೇರಿ ಹುಲ್ಲಿನ ಬಣವೆ ತರ ಎದ್ದು ನಿಲ್ಲುತ್ತವೆ. ಗುಂಪಾಗಿ ಅಂಟಿಕೊಳ್ಳುವುದೇ ಇದರ ಬಲ. ಟ್ಯಾಂಕಿನ ಒಳಗಿನ ಗಾಜನ್ನು ಬೆರಳಿನಿಂದ ಸವರಿ ನೋಡಿ, ಲೋಳೆ ಸಿಗುತ್ತದಲ್ವಾ? ಅಂಥ ಲೋಳೆಯೊಳಗೆ ಸೇರಿಕೊಂಡರೆ ಔಷಧಿಯೂ ಸರಿಯಾಗಿ ತಾಗುವುದಿಲ್ಲ.

ಇನ್ನು ನೀರಿನ ವಿಷಯ. ಗಡಸು ನೀರು ಇದಕ್ಕೆ ಬಹಳ ಅನುಕೂಲ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಕಿವಿರಿಗೆ ಅಂಟುವುದೂ ಸುಲಭ. ಗಡಸುತನ 50 ಪಿಪಿಎಂಗಿಂತ (ಲೀಟರಿಗೆ 50 ಮಿಲಿಗ್ರಾಂ) ಕಡಿಮೆಯಿದ್ದು ಪಿಎಚ್ ಕೂಡ 6ರ ಆಸುಪಾಸು ಇದ್ದರೆ ಈ ಬ್ಯಾಕ್ಟೀರಿಯಾಕ್ಕೆ ಬದುಕುವುದು ಕಷ್ಟವಾಗುತ್ತದೆ. ಹಾಗಂತ ಮೀನಿರುವ ಟ್ಯಾಂಕಿಗೆ ಸುಮ್ನೆ ಆಮ್ಲ ಸುರಿಯಬೇಡಿ. ಪಿಎಚ್ ಒಮ್ಮೆಲೇ ಬಿದ್ದರೆ ಮೊದಲು ಸೋಲುವುದು ಮೀನು. ಈ ಬ್ಯಾಕ್ಟೀರಿಯಾಕ್ಕೆ ಉಪ್ಪೂ ಹಿಡಿಸುವುದಿಲ್ಲ, ಲೀಟರಿಗೆ 1ರಿಂದ 3 ಗ್ರಾಂ ಇದ್ದರೂ ಅಂಟುವ ಶಕ್ತಿ ಕುಗ್ಗುತ್ತದೆ. ಆದರೆ ಎಲ್ಲ ರೋಗಕ್ಕೂ ಉಪ್ಪೇ ಮದ್ದು ಅಂದುಕೊಳ್ಳಬೇಡಿ. ಸಮುದ್ರದ ಮೀನಿಗೆ ಬರುವ ವಿಬ್ರಿಯೋ ಅನ್ನುವ ಬ್ಯಾಕ್ಟೀರಿಯಾಕ್ಕೆ ಉಪ್ಪು ಬೇಕೇ ಬೇಕು, ಸಿಹಿನೀರಿನಲ್ಲೇ ಅದು ಬೇಗ ಸಾಯುವುದು.

ತಣ್ಣೀರಿನಲ್ಲಿ ಇದು ಸಾಯುತ್ತದೆ ಅನ್ನುವ ಒಂದು ತಪ್ಪು ನಂಬಿಕೆ ಇದೆ. 25ರಿಂದ 30 ಡಿಗ್ರಿಯಲ್ಲಿ ಕಾಲಮ್ನಾರಿಸ್ ಜೋರಾಗಿ ಬೆಳೆಯುವುದು ನಿಜ. ನೀರು ತಣ್ಣಗಾದರೆ ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೇ. ಸಾಯುವುದಿಲ್ಲ.

ನೀರಿಗಿಂತ ನನಗೆ ಜಾಸ್ತಿ ಭಯ ತಳದ ಕೊಳೆಯದ್ದು. ತಿನ್ನದೆ ಉಳಿದ ಆಹಾರ, ಹಿಕ್ಕೆ, ಜಲ್ಲಿಯ ಸಂದಿನ ಕೆಸರು, ಇವೆಲ್ಲ ಅದಕ್ಕೆ ಊಟವೂ ಹೌದು, ಮನೆಯೂ ಹೌದು. ಕ್ಯಾಟ್‌ಫಿಶ್‌ಗೆ ಬರುವ ಎಡ್ವರ್ಡ್ಸಿಯೆಲ್ಲಾ ಇಕ್ಟಾಲುರಿ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಬರೀ ನೀರಿನಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಅದೇ ಕೊಳದ ಕೆಸರಿನಲ್ಲಿ, 25 ಡಿಗ್ರಿಯಲ್ಲಿ, ಮೂರು ತಿಂಗಳವರೆಗೂ ಇರಬಲ್ಲದು. ಸತ್ತ ಮೀನನ್ನು ತಕ್ಷಣ ಎತ್ತಿ ಹಾಕಿ ಅನ್ನುವುದೂ ಇದಕ್ಕೇ. ಕಾಲಮ್ನಾರಿಸ್‌ನಿಂದ ಸತ್ತ ಮೀನಿನಿಂದ ನೀರಿಗೆ ರಾಶಿ ರಾಶಿ ಬ್ಯಾಕ್ಟೀರಿಯಾ ಸೇರುತ್ತದೆ.

ಹಾಗಾಗಿ ಕಾಯುವ ಬದಲು ನೀರು ಪೂರ್ತಿ ಚೆಲ್ಲಿ. ಫಿಲ್ಟರ್ ಸ್ಪಂಜು ಎಸೆಯಿರಿ. ಮೊದಲು ಲೋಳೆ, ಕೊಳೆ ಉಜ್ಜಿ ತೆಗೆಯಿರಿ, ಆಮೇಲೆ ಬ್ಲೀಚ್. ಈ ಕ್ರಮ ತಪ್ಪಿಸಬೇಡಿ, ಕೊಳೆಯಿದ್ದರೆ ಕ್ಲೋರಿನ್ ಅದರಲ್ಲೇ ಖರ್ಚಾಗಿಬಿಡುತ್ತದೆ. ಬಲೆ, ಪೈಪುಗಳಿಗೂ ಹೀಗೇ ಮಾಡಿ. ಚೆನ್ನಾಗಿ ತೊಳೆದು ಬಿಸಿಲಲ್ಲಿ ಖಡಕ್ಕಾಗಿ ಒಣಗಿಸಿ. ಕಾಲಮ್ನಾರಿಸ್ ಒಣಗಿದರೂ ಉಳಿಯುವಂಥ ಬೀಜಕ (ಸ್ಪೋರ್) ಮಾಡಿಕೊಳ್ಳುವುದಿಲ್ಲ, ಹಾಗಾಗಿ ಒಣಗಿದರೆ ಬದುಕುವುದಿಲ್ಲ.

ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ. ಕಾಲಮ್ನಾರಿಸ್ ಮನುಷ್ಯರಿಗೆ ಬರುವುದಿಲ್ಲ. ಆದರೆ ಮೈಕೋಬ್ಯಾಕ್ಟೀರಿಯಂ ಮರೈನಮ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾವೂ ಟ್ಯಾಂಕಿನ ಲೋಳೆಯಲ್ಲಿರಬಹುದು, ಅದು ನಮ್ಮ ಚರ್ಮಕ್ಕೆ ಹತ್ತುತ್ತದೆ. ಕ್ಲೋರಿನ್‌ಗೂ ಸುಲಭಕ್ಕೆ ಬಗ್ಗುವುದಿಲ್ಲ. ಸತ್ತ ಮೀನುಗಳು ವಾರಗಟ್ಟಲೆ ಬಡಕಲಾಗುತ್ತಾ ಬಂದಿದ್ದವಾ, ಬೆನ್ನು ಬಾಗಿತ್ತಾ? ಹಾಗಿದ್ದರೆ ಈ ಮೈಕೋಬ್ಯಾಕ್ಟೀರಿಯಂ ಇದ್ದಿರಬಹುದು, ಇಲ್ಲೇ ತಿಳಿಸಿ, ಆಗ ಬೇರೆ ರೀತಿ ಸ್ವಚ್ಛ ಮಾಡಬೇಕಾಗುತ್ತದೆ.