ಕಣ್ಣು ಸರಿಹೋಗಿದೆ, ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ) ಔಷಧಿ ಮದುವೆಯಾದ ಮೇಲೆ ಶುರು ಮಾಡಿದರೆ ನಡೆಯುತ್ತಾ?

ನಡೆಯಲ್ಲ. ಸರಿಹೋಗಿರುವುದು ನಿಮ್ಮ ಕಣ್ಣು, ಕಾಯಿಲೆಯಲ್ಲ.

ನನಗೂ ಕಣ್ಣಿನಲ್ಲೇ ಶುರುವಾದದ್ದು. ಕಣ್ಣು ಹೊರಳಿಸಿದರೆ ನೋವು, ಆಮೇಲೆ ಕುಂಕುಮದ ಕೆಂಪು ಒಗೆದೊಗೆದು ಮಾಸಿದ ಸೀರೆಯ ಹಾಗೆ ಕಾಣತೊಡಗಿತು. ಎಂಆರ್‌ಐನಲ್ಲಿ ಮಿದುಳಲ್ಲಿ ಬಿಳಿ ಮಚ್ಚೆಗಳು, ಬೆನ್ನಿನಿಂದ ತೆಗೆದ ನೀರಿನಲ್ಲಿ ಎಂಎಸ್‌ನ ಸುಳಿವು ಕೊಡುವ ಆಲಿಗೋಕ್ಲೋನಲ್ ಬ್ಯಾಂಡ್ ಎಂಬ ಪ್ರೋಟೀನ್ ಗುರುತು. ದಿನಕ್ಕೆ 1 ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಡ್ರಿಪ್ ಹಾಕಿದರು, ದೃಷ್ಟಿ ಮರಳಿತು. ನ್ಯೂರಾಲಜಿಸ್ಟ್ ಬರೆದ ಡೈಮೀಥೈಲ್ ಫ್ಯೂಮರೇಟ್ ಮಾತ್ರೆಯ ಚೀಟಿ ಬೀರುವಿನಲ್ಲೇ ಉಳಿಯಿತು. "ಗುಣ ಆದಮೇಲೂ ಯಾಕೇ ಮಾತ್ರೆ? ಗಂಡಿನ ಕಡೆಯವರಿಗೆ ಗೊತ್ತಾದರೆ?" ಅಂದಳು ಅಮ್ಮ. ನನಗೂ ಬೇಕಿದ್ದದ್ದು ಅದೇ ಮಾತು.

ಲೆಕ್ಕ ತಪ್ಪಿದ್ದು ಇಲ್ಲಿ. ಎಂಎಸ್‌ನಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ನರತಂತುಗಳ ಮಯಲಿನ್ ಹೊದಿಕೆಯನ್ನು ಹಾಳುಮಾಡುತ್ತದೆ. ಸ್ಟೆರಾಯ್ಡ್ ಆಗಿರುವ ಉರಿಯೂತವನ್ನು ಬೇಗ ಇಳಿಸುತ್ತದೆ, ಅಷ್ಟೇ. ಮುಂದಿನ ದಾಳಿಗಳನ್ನು ಕಡಿಮೆ ಮಾಡುವ ಔಷಧಿಯೇ ಬೇರೆ. ನನಗೆ ಬರೆದದ್ದು ಅಂಥದ್ದೇ. ಆ ಮಾತ್ರೆ ಎಂಥ ವಿಚಿತ್ರ ಅಂದರೆ, ನುಂಗಿದರೆ ಮುಖ ಬಿಸಿಯೇರುವುದು, ಹೊಟ್ಟೆ ಕೆಡುವುದು ಗೊತ್ತಾಗುತ್ತದೆ, ಲಾಭ ಮಾತ್ರ ಗೊತ್ತೇ ಆಗುವುದಿಲ್ಲ. ನುಂಗದಿದ್ದರೆ ಹಾಯಾಗಿಯೇ ಇರುತ್ತೀರಿ. ಲಕ್ಷಣವೇ ಇಲ್ಲದೆ ಮಿದುಳಲ್ಲಿ ಹೊಸ ಮಚ್ಚೆ ಮೂಡಬಹುದು. ನಾನು ಆ ಹಾಯನ್ನೇ ಗುಣ ಅಂದುಕೊಂಡೆ.

ಮದುವೆಯ ಮರುವರ್ಷ ಸೊಂಟದಿಂದ ಕೆಳಗೆ ಜೋಮು ಹಿಡಿಯಿತು. ಈ ಸಲವೂ ಡ್ರಿಪ್ ಹಾಕಿದರು, ಬಲಗಾಲು ಪೂರ್ತಿ ಮರಳಲಿಲ್ಲ. ನನ್ನವರಿಗೆ ಎಂಎಸ್ ವಿಷಯ ತಿಳಿದದ್ದೂ ಆಗಲೇ. ಅವರು ಸಿಟ್ಟಾದದ್ದು ಕಾಯಿಲೆಗಲ್ಲ, ಮುಚ್ಚಿಟ್ಟದ್ದಕ್ಕೆ.

ಹಾಗಾಗಿ "ಮದುವೆಗೆ ಮೊದಲೋ, ಆಮೇಲೋ" ಅನ್ನುವ ಪ್ರಶ್ನೆಯೇ ಬೇಡ. ಔಷಧಿ ಶುರುವಾಗುವ ಮೊದಲು, ಎಂಎಸ್‌ನ ಹಾಗೇ ಕಾಣುವ ಬೇರೆ ಕಾಯಿಲೆಗಳನ್ನು ಪತ್ತೆಹಚ್ಚುವ ಎಕ್ಯೂಪಿ4, ಮಾಗ್ ಆಂಟಿಬಾಡಿ ರಕ್ತಪರೀಕ್ಷೆ ಆಗಿದೆಯಾ ಅಂತ ಕೇಳಿ. ಅಂಥದ್ದೊಂದು ಕಾಯಿಲೆಯಾದ ನ್ಯೂರೋಮೈಲೈಟಿಸ್ ಆಪ್ಟಿಕಾ ಕೂಡ ಕಣ್ಣು, ಬೆನ್ನುಹುರಿಗೇ ಬರುತ್ತದೆ, ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮಾಡ್‌ನಿಂದ ಅದು ಉಲ್ಬಣಿಸಬಹುದು. ದುಡ್ಡಿನ ಚಿಂತೆಯಿದ್ದರೆ ರಿಟುಕ್ಸಿಮ್ಯಾಬ್ ಬಗ್ಗೆ ಕೇಳಿ. ಎಂಎಸ್‌ಗೆಂದು ಅನುಮೋದನೆ ಪಡೆದ ಔಷಧಿ ಅದಲ್ಲ, ಆದರೂ ನಮ್ಮಲ್ಲಿ ಬಹಳ ಡಾಕ್ಟರುಗಳು ಕೊಡುತ್ತಾರೆ. ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು.

ಹುಡುಗನಿಗೆ ನೀವೇ ಹೇಳಿ, ಬಳಗಕ್ಕೆಲ್ಲ ಸಾರಬೇಕಿಲ್ಲ. ಎಂಎಸ್ ಇದ್ದರೂ ಮಕ್ಕಳಾಗುತ್ತವೆ. ಆದರೆ ಟೆರಿಫ್ಲೂನೊಮೈಡ್, ಫಿಂಗೋಲಿಮಾಡ್‌ನಂಥ ಎಂಎಸ್ ಔಷಧಿಗಳು ಬಸಿರಿನಲ್ಲಿ ಸಲ್ಲ, ಆದ್ದರಿಂದ ಯಾವ ಔಷಧಿ ಅಂತ ನಿರ್ಧರಿಸುವ ಮೊದಲೇ ಮದುವೆಯ ತಾರೀಖು ಡಾಕ್ಟರಿಗೆ ಗೊತ್ತಿರಲಿ.