ಅಪ್ಪ ಅಮ್ಮ ಇರುವ ಹಿರಿಯರ ಕಾಲೊನಿಯ ಬಿಲ್ಡರ್ ಕಂಪನಿಗೆ ಎನ್‌ಸಿಎಲ್‌ಟಿ (ಕಂಪನಿಗಳ ದಿವಾಳಿ ಕೇಸ್ ನೋಡುವ ನ್ಯಾಯಮಂಡಳಿ) ಆರ್‌ಪಿಯನ್ನು (ದಿವಾಳಿ ಪ್ರಕ್ರಿಯೆ ನಡೆಸುವ ವೃತ್ತಿಪರರನ್ನು) ನೇಮಿಸಿದೆ. ಅಪ್ಪ ಅಮ್ಮ ಅಲ್ಲೇ ಇದ್ದು ಕಾಯೋದು ಸರೀನಾ?

ಕೋರ್ಟಿನವರೇ ಬಂದಿದ್ದಾರಲ್ಲ, ಇನ್ನು ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ದೀರಿ. ನಮ್ಮಪ್ಪನೂ ಹೀಗೇ ಹೇಳುತ್ತಿದ್ದರು.

ನಮ್ಮದು ಕೊಯಮತ್ತೂರಿನ ಹೊರಗಿನ ಕಾಲೊನಿ. ಅಪ್ಪ ಹೈಸ್ಕೂಲ್ ಮೇಷ್ಟ್ರು. ಪಿಎಫ್ ಹಣ, ಹಾಸನದ ಮನೆ ಮಾರಿದ ಹಣ, ಎಲ್ಲ ಅಲ್ಲಿಗೇ ಸುರಿದಿದ್ದರು. ಅವರ ಫ್ಲ್ಯಾಟ್ ಎರಡನೇ ಬ್ಲಾಕಿನಲ್ಲಿ. ಅದು ಮುಗಿಯುವ ತನಕ ಮೊದಲ ಬ್ಲಾಕಿನಲ್ಲಿ ಬಾಡಿಗೆಗೆ ಇದ್ದರು. ಮುಗಿಯಲೇ ಇಲ್ಲ. ಬಿಲ್ಡರ್ ಸಾಲ ಕಟ್ಟಲಿಲ್ಲ, ಬ್ಯಾಂಕ್ ಎನ್‌ಸಿಎಲ್‌ಟಿಗೆ ಹೋಯಿತು, ಆರ್‌ಪಿ ಬಂದರು.

ನಾನು ಎಡವಿದ್ದು ಒಂದೇ ಕಡೆ. ಬುಕಿಂಗ್ ಸಮಯದಲ್ಲಿ ಎರಡು ಚೆಕ್ ಕೊಟ್ಟಿದ್ದೆವು. ಒಂದು ಫ್ಲ್ಯಾಟಿಗೆ. ಇನ್ನೊಂದು ಊಟ, ನರ್ಸ್, ಆಂಬುಲೆನ್ಸ್ ಸೇವೆಗೆ ಅಂತ ವಾಪಸ್ ಕೊಡುವ ಡೆಪಾಸಿಟ್. ಒಂದೇ ಆಫೀಸು, ಒಂದೇ ಲೋಗೋ, ಒಬ್ಬರೇ ಎರಡೂ ರಸೀದಿ ಹರಿದು ಕೊಟ್ಟಿದ್ದು. ನಾನು ಮೊತ್ತ ಸರಿ ಇದೆಯಾ ನೋಡಿದೆ, ಕಂಪನಿ ಹೆಸರು ನೋಡಲಿಲ್ಲ. ಡೆಪಾಸಿಟ್ ಹೋಗಿದ್ದು ಬಿಲ್ಡರಿಗಲ್ಲ, ಅವರದೇ ಇನ್ನೊಂದು ಸರ್ವಿಸ್ ಕಂಪನಿಗೆ. ನಾನು ಎರಡನ್ನೂ ಕೂಡಿಸಿ ಆರ್‌ಪಿಗೆ ಒಂದೇ ಕ್ಲೇಮ್ ಹಾಕಿದೆ. ಫ್ಲ್ಯಾಟಿನದ್ದು ಒಪ್ಪಿದರು, ಡೆಪಾಸಿಟ್ ಈ ಕಂಪನಿಯ ಸಾಲವೇ ಅಲ್ಲ ಅಂತ ಬಿಟ್ಟರು. ಕಾನೂನಿನ ಪ್ರಕಾರ ಅವರು ಮಾಡಿದ್ದು ಸರಿ.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಒಂದೇ ಗುಂಪಿನ ಕಂಪನಿ ಅಲ್ವಾ ಅಂತ ಆರ್‌ಪಿ ಜೊತೆ ತಿಂಗಳುಗಟ್ಟಲೆ ಜಗಳ ಆಡಿದೆ. ಮೊರಟೋರಿಯಂ, ಅಂದರೆ ಕೇಸ್, ವಸೂಲಿಗೆ ತಡೆ, ಇರೋದು ಎನ್‌ಸಿಎಲ್‌ಟಿ ಮುಂದಿರುವ ಕಂಪನಿಗೆ ಮಾತ್ರ. ಸರ್ವಿಸ್ ಕಂಪನಿ ಮೇಲೆ ನಾನು ಆವತ್ತೇ ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು. ಹೋಗುವಷ್ಟರಲ್ಲಿ ಅವರ ಖಾತೆ ಖಾಲಿ. ಬಿಲ್ಡರ್, ಸರ್ವಿಸ್ ಕಂಪನಿ, ಕೊಳ್ಳುವವರು ಮೂವರೂ ಸೇರಿ ಒಂದೇ ಒಪ್ಪಂದ ಮಾಡಿಕೊಳ್ಳಬೇಕು ಅಂತ ಕೇಂದ್ರದ ವಸತಿ ಸಚಿವಾಲಯದ 2019ರ ಮಾದರಿ ಮಾರ್ಗಸೂಚಿಯಲ್ಲಿದೆ. ನಮ್ಮ ಹತ್ತಿರ ಅಂಥದ್ದು ಇರಲಿಲ್ಲ. ಇವತ್ತೇ ನಿಮ್ಮ ರಸೀದಿಗಳನ್ನು ತೆಗೆದು ಹೆಸರು ಓದಿ.

ಇನ್ನು "ಕೋರ್ಟಿನವರು" ಅನ್ನೋ ಮಾತು ಬಿಡಿ. ಆರ್‌ಪಿ ನಿಮ್ಮಪ್ಪನ ಪರ ಬಂದವರಲ್ಲ. ಕಂಪನಿ ನಡೆಸಿ, ಅದಕ್ಕೊಬ್ಬ ಹೊಸ ಮಾಲೀಕನನ್ನು ಹುಡುಕೋದು ಅವರ ಕೆಲಸ. ವಾಟ್ಸಾಪಿನಲ್ಲಿ ಎಲ್ಲರೂ ದೆಹಲಿ ಪಕ್ಕದ ಆಮ್ರಪಾಲಿ ಬಿಲ್ಡರ್ ಕಥೆ ಹೇಳುತ್ತಾರೆ. ಅಲ್ಲಿ 2019ರಲ್ಲಿ ಸುಪ್ರೀಂ ಕೋರ್ಟೇ ರಿಸೀವರ್ (ಆಸ್ತಿ ನೋಡಿಕೊಳ್ಳುವವರು) ನೇಮಿಸಿ, ಸರ್ಕಾರಿ ನಿರ್ಮಾಣ ಕಂಪನಿ ಎನ್‌ಬಿಸಿಸಿ ಕೈಲಿ ಮನೆ ಕಟ್ಟಿಸಿತು. ನಿಮ್ಮದು ಆ ದಾರಿಯಲ್ಲ. ದಿವಾಳಿ ಕಾನೂನಿಗೆ 2018ರಲ್ಲಿ ತಿದ್ದುಪಡಿ ಆದಮೇಲೆ ಮನೆ ಬುಕ್ ಮಾಡಿದವರೂ ಬ್ಯಾಂಕಿನ ಹಾಗೆ ಕಂಪನಿಗೆ ಸಾಲ ಕೊಟ್ಟವರ ಕಮಿಟಿಯಲ್ಲಿ ಇರುತ್ತಾರೆ, ನಿಜ. ಆದರೆ ನಿಮ್ಮೆಲ್ಲರ ಪರವಾಗಿ ಒಬ್ಬ ಪ್ರತಿನಿಧಿ ವೋಟ್ ಹಾಕುತ್ತಾರೆ, ನಿಮ್ಮೊಳಗೆ ವೋಟ್ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ವೋಟಿನ ಪಾಲು ಇರುವವರು ಹೇಳಿದ್ದೇ ಎಲ್ಲರ ವೋಟ್. ಹೊಸ ಮಾಲೀಕ ಕೊಟ್ಟ ಪ್ಲಾನ್ ಒಮ್ಮೆ ಒಪ್ಪಿಗೆಯಾದರೆ ಅದರಲ್ಲಿ ಸೇರದ ಬಾಕಿ ಹೋದ ಹಾಗೇ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಫಾರ್ಮ್ ಸಿಎ (ಮನೆ ಬುಕ್ ಮಾಡಿದವರ ಕ್ಲೇಮ್ ಅರ್ಜಿ) ಬೇಗ ಹಾಕಿ. ಕಂಪನಿ ಲೆಕ್ಕದಲ್ಲಿ ನಮ್ಮ ಹೆಸರು ಇದ್ದೇ ಇರುತ್ತೆ ಅಂತ ಸುಮ್ನೆ ಕೂರಬೇಡಿ.

ತಿಂಗಳ ಮೇಂಟೆನೆನ್ಸ್ ನಿಲ್ಲಿಸಬೇಕು ಅಂತ ಕೆಲವರು ನಿಮಗೂ ಹೇಳಿರುತ್ತಾರೆ. ನಿಲ್ಲಿಸಬೇಡಿ. ಅದರಿಂದ ಬಿಲ್ಡರಿಗೆ ಏನೂ ನೋವಾಗಲ್ಲ, ಅಡುಗೆಯವರು, ನರ್ಸ್ ಕೆಲಸ ಬಿಟ್ಟು ಹೋಗುತ್ತಾರೆ. ನಮ್ಮಲ್ಲಿ ಮೊದಲು ಹೋಗಿದ್ದು ರಾತ್ರಿ ಪಾಳಿಯ ನರ್ಸ್.

ಕಾಯಬೇಕಾ ಅಂತ ಕೇಳಿದರೆ, ಬೇಡ. ಕಾನೂನಿನಲ್ಲಿ ಈ ಪ್ರಕ್ರಿಯೆಗೆ 330 ದಿನ ಅಂತಿದೆ, ನಮ್ಮದು ಅದನ್ನು ಯಾವತ್ತೋ ದಾಟಿತು. ಅಪ್ಪ ಅಮ್ಮನನ್ನು ಮೈಸೂರಿಗೆ, ಅಕ್ಕನ ಮನೆ ಹತ್ತಿರ ಬಾಡಿಗೆ ಮನೆಗೆ ತಂದೆವು. ಕೇಸ್ ಬಿಟ್ಟ ಹಾಗಾಗುತ್ತೆ ಅಂತ ಅಪ್ಪ ಹಟ ಹಿಡಿದಿದ್ದರು. ಕ್ಲೇಮ್ ಉಳಿಯೋದಕ್ಕೆ ಅಲ್ಲೇ ವಾಸ ಇರಬೇಕು ಅಂತ ಎಲ್ಲೂ ಇಲ್ಲ. ನಮ್ಮ ಫ್ಲ್ಯಾಟಿನ ಕ್ಲೇಮ್ ಇನ್ನೂ ಲಿಸ್ಟಿನಲ್ಲಿದೆ.